ಓದುಗರ ಪ್ರಶ್ನೆ: ಬೆಂಗಳೂರಿನಲ್ಲಿ ಯಾವ ಬಡಾವಣೆಯಲ್ಲಿ ಮನೆ ಕೊಳ್ಳಬೇಕು?

ಪ್ರಶ್ನೆ: ಮಾನ್ಯರೇ, ನಾವು ಅರಸೀಕೆರೆ ತಾಲ್ಲೂಕಿನವರು. ಎಂಟು ವರ್ಷಗಳಿಂದ ಬಿ.ಟಿ.ಎಂ. ಬಡಾವಣೆಯಲ್ಲಿ ಬಾಡಿಗೆಗಿದ್ದೇವೆ. ನನ್ನ ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ನಮ್ಮ ಯಜಮಾನರ ಕಚೇರಿ ಮಾರತಹಳ್ಳಿಯ ಬಳಿ ಹೊರ ವರ್ತುಲ ರಸ್ತೆಯಲ್ಲಿ. ಮಗಳು ಎರಡನೇ ತರಗತಿಯಲ್ಲಿದ್ದಾಳೆ. ಮೂರು ಕಡೆ ಎರಡು ಬೆಡ್‌ರೂಮಿನ ಫ್ಲಾಟ್ ನೋಡಿದ್ದೇವೆ. ಸರ್ಜಾಪುರ ರಸ್ತೆಯಿಂದ ಒಳಗೆ ಕಟ್ಟುತ್ತಿರುವ ಹೊಸ ಸಮುಚ್ಚಯದಲ್ಲಿ 88 ಲಕ್ಷ, ಹೊಸ ರೋಡ್ ಮೆಟ್ರೊ ನಿಲ್ದಾಣದ ಹತ್ತಿರ 14 ವರ್ಷ ಹಳೆಯದೊಂದು 72 ಲಕ್ಷ, ಕನಕಪುರ ರಸ್ತೆಯ ತಲಘಟ್ಟಪುರದಲ್ಲಿ ಇನ್ನೊಂದು ಹಳೆಯದು 80 ಲಕ್ಷ. ಹೊಸದರಲ್ಲಿ ಈಜುಕೊಳ, ಕ್ಲಬ್ ಹೌಸ್ ಎಲ್ಲವೂ ಇವೆ. ಕೈಯಲ್ಲಿ 25 ಲಕ್ಷವಿದೆ, ಉಳಿದದ್ದು ಸಾಲ. ಯಾವುದನ್ನು ಕೊಳ್ಳಬಹುದು?
— ಓದುಗರು, ಬಿ.ಟಿ.ಎಂ. ಬಡಾವಣೆ

ಉತ್ತರ: ನಿಮ್ಮ ಪತ್ರದ ಮೂಲ ಪ್ರತಿಯಲ್ಲಿ ಮೂರೂ ಫ್ಲಾಟುಗಳ ವಿವರ ಎರಡು ಪುಟವಿದೆ. ಬಾಗಿಲು ಯಾವ ದಿಕ್ಕಿಗಿದೆ, ಅಡುಗೆಮನೆಯ ಕಟ್ಟೆಗೆ ಯಾವ ಕಲ್ಲು ಹಾಸಿದ್ದಾರೆ, ಬಾಲ್ಕನಿ ಎಷ್ಟು ಅಡಿ ಎಂಬುದನ್ನೆಲ್ಲ ಬರೆದಿದ್ದೀರಿ. ಆದರೆ ಆ ಮನೆಗಳಿರುವ ಜಾಗ ತಗ್ಗೋ ದಿಬ್ಬವೋ, ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಮಳೆಯ ನೀರು ಎತ್ತ ಹೋಗುತ್ತದೆ ಎಂಬ ಬಗ್ಗೆ ಒಂದು ಸಾಲೂ ಇಲ್ಲ. ಊರಿನಲ್ಲಿ ಮನೆ ಕಟ್ಟುವಾಗ ನಿಮ್ಮ ಅಜ್ಜ ಮೊದಲು ನೋಡಿದ್ದು ಇದನ್ನೇ ಇರಬೇಕು. ಕೆರೆ ಏರಿಯ ಕೆಳಗಿನ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುತ್ತಾರೆಯೇ ಹೊರತು ಮನೆ ಕಟ್ಟುವುದಿಲ್ಲ, ಕೆರೆ ಕೋಡಿ ಬಿದ್ದಾಗ ನೀರು ಹರಿಯುವ ಹಳ್ಳಕ್ಕೆ ಅಡ್ಡವಾಗಿ ಹಟ್ಟಿಯನ್ನೂ ಹಾಕುವುದಿಲ್ಲ ಎನ್ನುವುದು ಬಯಲುಸೀಮೆಯ ಮಕ್ಕಳಿಗೂ ತಿಳಿದ ವಿಷಯ. ಬೆಂಗಳೂರಿಗೆ ಬಂದ ಮೇಲೆ ಡಾಂಬರು, ಕಾಂಕ್ರೀಟು ಮುಚ್ಚಿದ ನೆಲದಲ್ಲಿ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ನೆಲದ ಇಳಿಜಾರು ಮಾತ್ರ ಮೊದಲಿದ್ದ ಹಾಗೆಯೇ ಇದೆ.

ಬೆಂಗಳೂರು ದಿಬ್ಬದ ಮೇಲಿನ ಊರು. ಇಲ್ಲಿ ದೊಡ್ಡ ನದಿಯಿಲ್ಲ. ಬಿದ್ದ ಮಳೆ ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ, ವೃಷಭಾವತಿ ಎಂಬ ಮೂರು ಮುಖ್ಯ ಕಣಿವೆಗಳಲ್ಲಿ ಕೆರೆಯಿಂದ ಕೆರೆಗೆ ಇಳಿದು ಹೋಗುತ್ತದೆ. ಒಂದು ಕೆರೆಯ ಕೋಡಿಯನ್ನು ಮುಂದಿನ ಕೆರೆಗೆ ಸೇರಿಸುವ ದಾರಿಯನ್ನೇ ರಾಜಕಾಲುವೆ ಎನ್ನುತ್ತಾರೆ. ಇಂದಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯಾಗಿತ್ತು, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಾಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕಡೆ ಕೋಟ್ಯಂತರ ರೂಪಾಯಿಯ ಮನೆಗಳವರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಹೊರಗೆ ತಂದದ್ದನ್ನು ನೀವೂ ನೋಡಿರುತ್ತೀರಿ. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಬಳಿ, 2025ರ ಮೇ ತಿಂಗಳಲ್ಲಿ ಹೊರಮಾವಿನ ಕಡೆ ಮತ್ತೆ ಅದೇ ಆಯಿತು. ಅಷ್ಟು ಹಣ ಕೊಟ್ಟು ಕೊಂಡವರು ಅಂಗಳದ ಅಳತೆಯನ್ನು ಇಂಚಿಂಚು ನೋಡಿದ್ದರು, ಕಾಲುವೆಯ ದಾರಿಯನ್ನು ನೋಡಿರಲಿಲ್ಲ ಎಂಬುದು ನನಗೆ ಇಂದಿಗೂ ಸಂಕಟದ ವಿಷಯ.

ಸಂಕಟಕ್ಕೆ ನನ್ನದೇ ಕಾರಣವೂ ಇದೆ. ಇಪ್ಪತ್ತು ವರ್ಷಗಳ ಹಿಂದೆ ನಾನು ಮನೆ ನೋಡಿದ್ದು ಫೆಬ್ರುವರಿಯಲ್ಲಿ. ಬೀದಿ ಒಣಗಿತ್ತು, ಬಿಸಿಲು ಚೆನ್ನಾಗಿತ್ತು, ಮನೆಯ ಕಾಂಪೌಂಡಿಗೆ ಆಗ ತಾನೇ ಸುಣ್ಣ ಬಳಿದಿದ್ದರು. ಅಕ್ಟೋಬರಿನ ಒಂದು ರಾತ್ರಿ ಎರಡು ಗಂಟೆಯ ಮಳೆಗೆ ಚರಂಡಿಯ ನೀರು ಗೇಟು ದಾಟಿ ಬಂದು ನೇರವಾಗಿ ನೆಲದಡಿಯ ನೀರಿನ ತೊಟ್ಟಿಗೆ ಇಳಿಯಿತು. ಬೆಳಿಗ್ಗೆ ನೋಡಿದರೆ ಹೊಸ ಸುಣ್ಣವೆಲ್ಲ ತೊಳೆದುಹೋಗಿ, ಗೋಡೆಯ ಮೇಲೆ ಮೊಣಕಾಲೆತ್ತರದಲ್ಲಿ ಹಳೆಯ ವರ್ಷಗಳ ಕೆಸರಿನ ಗೆರೆಗಳು ಒಂದರ ಮೇಲೊಂದು ಕಾಣುತ್ತಿದ್ದವು. ಎದುರುಮನೆಯ ಅಜ್ಜಿ ಪೊರಕೆ ಹಿಡಿದುಕೊಂಡೇ, "ಇದು ಗದ್ದೆಬಯಲು ಕಣಪ್ಪ, ನಾವು ಇಲ್ಲಿ ನಾಟಿ ಹಾಕ್ತಿದ್ವಿ" ಎಂದರು. ಆ ಮಾತನ್ನು ಎಂಟು ತಿಂಗಳು ಮೊದಲು ಹೋಗಿ ಕೇಳಿದ್ದರೆ ಅವರು ಆಗಲೂ ಹೇಳುತ್ತಿದ್ದರು. ನಾನು ಕೇಳಿದ್ದು ಬ್ರೋಕರನ್ನು ಮಾತ್ರ.

ಹಾಗಾಗಿ ಮೂರು ಮನೆಗಳ ವಿಷಯದಲ್ಲೂ ಮೊದಲು ಅವು ನಿಂತಿರುವ ಸರ್ವೆ ನಂಬರನ್ನು ಕ್ರಯಪತ್ರದಿಂದ ಬರೆದುಕೊಳ್ಳಿ. ಸರ್ಕಾರದ ದಿಶಾಂಕ್ ಆ್ಯಪನ್ನು ಮೊಬೈಲಿನಲ್ಲಿ ತೆರೆದು ಆ ಜಾಗದಲ್ಲಿ ನಿಂತರೆ ಸರ್ವೆ ನಂಬರು ಕಾಣುತ್ತದೆ. ಪತ್ರದಲ್ಲಿರುವುದಕ್ಕೂ ಅದಕ್ಕೂ ತಾಳೆಯಾಗಬೇಕು. ಅನಂತರ ಆ ಊರಿನ ಹಳೆಯ ಗ್ರಾಮ ನಕ್ಷೆಯನ್ನು ಪಡೆಯಿರಿ. ಕೆರೆ, ಹಳ್ಳ, ಕಾಲುವೆ, ಗುಂಡುತೋಪು, ಬಂಡಿದಾರಿ ಎಲ್ಲವನ್ನೂ ಅದರಲ್ಲಿ ಗುರುತಿಸಿರುತ್ತಾರೆ. ಹಳೆಯ ಪಹಣಿ ಸಿಕ್ಕರೆ ಜಮೀನಿನ ಬಗೆ ಏನೆಂದು ನೋಡಿ. ‘ಖುಷ್ಕಿ’ ಎಂದಿದ್ದರೆ ಮಳೆಯಾಶ್ರಿತ ಒಣಭೂಮಿ. ‘ತರಿ’ ಎಂದಿದ್ದರೆ ಅದು ನೀರು ನಿಲ್ಲಿಸಿ ಭತ್ತ ಬೆಳೆದ ಗದ್ದೆಯಾಗಿತ್ತು ಎಂದರ್ಥ. ಊರಿನ ಹೆಸರುಗಳೂ ಸುಳಿವು ಕೊಡುತ್ತವೆ. ಬೊಮ್ಮಸಂದ್ರ, ಸಿಂಗಸಂದ್ರ, ಭೈರಸಂದ್ರಗಳಲ್ಲಿರುವ ‘ಸಂದ್ರ’ವು ‘ಸಮುದ್ರ’ ಎಂಬ ಮಾತು ಸವೆದು ಆದದ್ದು. ನಮ್ಮ ಹಿರಿಯರು ದೊಡ್ಡ ಕೆರೆಗೆ ಸಮುದ್ರವೆಂದೇ ಹೆಸರಿಡುತ್ತಿದ್ದರು. ಅಂಥ ಊರುಗಳಲ್ಲೆಲ್ಲ ಮನೆ ಕೊಳ್ಳಬಾರದೆಂದಲ್ಲ, ನೀವು ನೋಡಿರುವ ಬೀದಿ ಏರಿಯ ಯಾವ ಬದಿಗಿದೆ ಎಂದು ಕೇಳದೆ ಕೊಳ್ಳಬಾರದು.

ಇನ್ನು ಬರುವ ನೀರು. ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಾಗಿ ಬರುತ್ತದೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿ ಕೈಗೊಂಡ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು, ದಿನಕ್ಕೆ 77.5 ಕೋಟಿ ಲೀಟರ್ ಅದರ ಸಾಮರ್ಥ್ಯ. ನಡುವಿನ 17 ವರ್ಷ ಆ ಪ್ರದೇಶದ ಬಹುಪಾಲು ಜನರು ಕೊಳವೆಬಾವಿ ಮತ್ತು ಟ್ಯಾಂಕರನ್ನು ನಂಬಿಕೊಂಡು ಬದುಕಿದರು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ದರವನ್ನು ಜಿಲ್ಲಾಡಳಿತವೇ ನಿಗದಿ ಮಾಡಬೇಕಾಗಿ ಬಂತು. ಪೈಪು ಬೀದಿಗೆ ಬಂದಿರುವುದು ಒಂದು, ಸಂಪರ್ಕ ಪಡೆದಿರುವುದು ಇನ್ನೊಂದು, ಆ ಸಂಪರ್ಕದಲ್ಲಿ ವಾರಕ್ಕೆ ಎಷ್ಟು ದಿನ ನೀರು ಬರುತ್ತದೆ ಎಂಬುದು ಮತ್ತೊಂದು. ಮೂರನ್ನೂ ಬೇರೆ ಬೇರೆಯಾಗಿ ವಿಚಾರಿಸಿ. ಮಾರಾಟದ ಕಚೇರಿಯಲ್ಲಿ ‘ಕಾವೇರಿ ಇದೆ’ ಎನ್ನುವವರ ಮಾತಿಗಿಂತ ಆ ಬೀದಿಯ ವಾಲ್ವ್‌ಮನ್ ಹೇಳುವುದು ನಂಬಿಕೆಗೆ ಅರ್ಹ. ಅಪಾರ್ಟ್‌ಮೆಂಟಾದರೆ ಸಂಘದವರಿಂದ ಹೋದ ವರ್ಷದ ಮಾರ್ಚ್, ಏಪ್ರಿಲ್ ತಿಂಗಳ ಲೆಕ್ಕಪತ್ರ ಕೇಳಿ ಟ್ಯಾಂಕರಿಗೆ ಎಷ್ಟು ಖರ್ಚಾಗಿದೆ ಎಂದು ಓದಿ. ಲೆಕ್ಕ ತೋರಿಸಲು ಹಿಂದೆಗೆದರೆ ಅದನ್ನೂ ಒಂದು ಉತ್ತರವೆಂದೇ ತಿಳಿಯಿರಿ.

ನೀವಿಬ್ಬರೂ ಕೆಲಸಕ್ಕೆ ಹೋಗುವ ದಿಕ್ಕುಗಳು ಬೇರೆ. ತಲಘಟ್ಟಪುರದಲ್ಲಿ ಹಸಿರು ಮಾರ್ಗದ ಮೆಟ್ರೊ 2021ರಿಂದಲೇ ಇದೆ, ನೆಮ್ಮದಿಯ ಜಾಗವೂ ಹೌದು; ಆದರೆ ಅಲ್ಲಿಂದ ಮಾರತಹಳ್ಳಿಗೆ ದಿನವೂ ಹೋಗಿ ಬರುವುದು ನಿಮ್ಮ ಯಜಮಾನರ ಆಯುಷ್ಯವನ್ನು ರಸ್ತೆಗೆ ಒಪ್ಪಿಸಿದ ಹಾಗೆ. ಹೊಸ ರೋಡ್‌ನಿಂದ ನಿಮಗೆ ಎಲೆಕ್ಟ್ರಾನಿಕ್ ಸಿಟಿ ಹಳದಿ ಮಾರ್ಗದಲ್ಲಿ ಎರಡೇ ನಿಲ್ದಾಣ. ಅವರಿಗೆ ಸಿಲ್ಕ್ ಬೋರ್ಡ್‌ವರೆಗೆ ಮೆಟ್ರೊ, ಅಲ್ಲಿಂದ ಹೊರ ವರ್ತುಲ ರಸ್ತೆಯ ಬಸ್ಸು. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರಕ್ಕೆ ಕಟ್ಟುತ್ತಿರುವ ನೀಲಿ ಮಾರ್ಗ ಮುಗಿದರೆ ಮಾರತಹಳ್ಳಿಯವರೆಗೂ ರೈಲೇ. ಸರ್ಜಾಪುರ ರಸ್ತೆಯ ಒಳಭಾಗದಿಂದ ಇಬ್ಬರಿಗೂ ಸ್ವಂತ ವಾಹನವೇ ಗತಿ. ಒಂದು ಸೋಮವಾರ ಇಬ್ಬರೂ ರಜೆ ಹಾಕಿ, ಬೆಳಿಗ್ಗೆ ಎಂಟೂವರೆಗೆ ಆ ಮನೆಗಳ ಗೇಟಿನಿಂದ ಹೊರಟು ಕಚೇರಿಯ ಬಾಗಿಲಿನವರೆಗೆ ಹೋಗಿ, ಸಂಜೆ ಆರೂವರೆಗೆ ಅದೇ ದಾರಿಯಲ್ಲಿ ಹಿಂದಿರುಗಿ ನೋಡಿ. ಭಾನುವಾರ ಮನೆ ತೋರಿಸುವುದು ಬ್ರೋಕರುಗಳಿಗೆ ಅನುಕೂಲ, ನಿಮಗಲ್ಲ.

ಹಣದ ಲೆಕ್ಕವನ್ನೂ ಪೂರ್ತಿ ಹಾಕಿ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್, ಸರ್‌ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದೆ. ಒಟ್ಟು ಶೇ. 7.6. ಕಟ್ಟುತ್ತಿರುವ ಫ್ಲಾಟಿಗೆ ಇದರ ಜೊತೆಗೆ ಶೇ. 5 ಜಿಎಸ್‌ಟಿ ಇದೆ, ಹಳೆಯ ಫ್ಲಾಟಿಗೆ ಅದಿಲ್ಲ. ಹೀಗೆ 88 ಲಕ್ಷದ ಹೊಸ ಫ್ಲಾಟು ನಿಮ್ಮ ಕೈಗೆ ಬರುವ ಹೊತ್ತಿಗೆ 99 ಲಕ್ಷ ದಾಟುತ್ತದೆ, 72 ಲಕ್ಷದ್ದು 77.5 ಲಕ್ಷದೊಳಗೆ ನಿಲ್ಲುತ್ತದೆ. ನೋಂದಣಿ ಖರ್ಚಿಗೆ ಸಾಮಾನ್ಯವಾಗಿ ಬ್ಯಾಂಕು ಸಾಲ ಕೊಡುವುದಿಲ್ಲವಾದ್ದರಿಂದ ಅದು ನಿಮ್ಮ 25 ಲಕ್ಷದಲ್ಲೇ ಹೋಗಬೇಕು. ಮನೆ ಮುಗಿಯುವವರೆಗೆ ಬಿ.ಟಿ.ಎಂ. ಬಾಡಿಗೆ ಬೇರೆ.

ನನ್ನ ಅಭಿಪ್ರಾಯ ಹೊಸ ರೋಡ್ ಬಳಿಯ ಹಳೆಯ ಫ್ಲಾಟಿನ ಕಡೆಗಿದೆ. ಹದಿನಾಲ್ಕು ಮಳೆಗಾಲ ಕಂಡ ಕಟ್ಟಡ ತನ್ನ ದೋಷವನ್ನು ಮುಚ್ಚಿಡಲಾರದು. ಕೆಳಗಿನ ಪಾರ್ಕಿಂಗಿನ ಕಂಬಗಳ ಬುಡ ನೋಡಿ. ಉಪ್ಪು ಬಿಟ್ಟಿದ್ದರೆ, ಒಂದೇ ಎತ್ತರದಲ್ಲಿ ಬಣ್ಣ ಮಾಸಿದ್ದರೆ, ಗೇಟಿನ ಪಕ್ಕ ಮರಳಿನ ಚೀಲಗಳು ಒಟ್ಟಿದ್ದರೆ ಅಲ್ಲಿಗೆ ಮಾತು ಮುಗಿಸಿ ಬನ್ನಿ. ಹಾಗಿಲ್ಲದಿದ್ದರೆ ಓ.ಸಿ., ಅಂದರೆ ಕಟ್ಟಡ ವಾಸಕ್ಕೆ ಯೋಗ್ಯವೆಂಬ ಸ್ವಾಧೀನ ಪ್ರಮಾಣಪತ್ರ, ಇದೆಯೇ ಎಂದು ಕೇಳಿ. ಓ.ಸಿ. ಇಲ್ಲದ ಕಟ್ಟಡಗಳಿಗೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ಈ ಕಾಗದದ ತೂಕ ಹೆಚ್ಚಿದೆ. ಮಗಳ ಶಾಲೆ ಬದಲಾಗುವುದಾದರೆ ಈಗಲೇ, ಪ್ರಾಥಮಿಕ ತರಗತಿಯಲ್ಲೇ ಆಗಲಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 66. ಮಗ ಬೆಂಗಳೂರಿನಲ್ಲಿದ್ದಾನೆ. ಶಿವಮೊಗ್ಗದ ಮನೆ ಮಾರಿ ಅವನ ಹತ್ತಿರ ಒಂದು ಸಣ್ಣ ಮನೆ ಕೊಳ್ಳಿ ಎನ್ನುತ್ತಾನೆ. ನನ್ನ ಪತ್ನಿಗೆ ಮೊಣಕಾಲು ನೋವಿದೆ. ನಮ್ಮಂಥವರಿಗೆ ಯಾವ ಬಡಾವಣೆ ಸೂಕ್ತ?
— ಓದುಗರು, ಶಿವಮೊಗ್ಗ

ಉತ್ತರ: ಮೇಷ್ಟ್ರೇ, ನಿಮ್ಮ ವಯಸ್ಸಿನವರಿಗೆ ಬಡಾವಣೆಯನ್ನು ಅಳೆಯಬೇಕಾದದ್ದು ಹೆಜ್ಜೆಯಿಂದ. ಹಾಲು, ತರಕಾರಿ, ಔಷಧಿ ಅಂಗಡಿ, ಬ್ಯಾಂಕು, ದೇವಸ್ಥಾನ, ಕೂರಲು ಕಲ್ಲುಬೆಂಚಿರುವ ಒಂದು ಉದ್ಯಾನ ಇವೆಲ್ಲ ರಸ್ತೆ ದಾಟುವ ಕಷ್ಟವಿಲ್ಲದೆ ಹತ್ತು ನಿಮಿಷದ ನಡಿಗೆಯಲ್ಲಿ ಸಿಗಬೇಕು. ಮಲ್ಲೇಶ್ವರ ಮತ್ತು ಬಸವನಗುಡಿಗಳು 1898ರ ಪ್ಲೇಗ್ ಹಾವಳಿಯ ಕಾಲದಲ್ಲಿ, ಜನರಿಗೆ ಗಾಳಿ ಬೆಳಕು ಸಿಗಲೆಂದೇ ಯೋಜಿಸಿದ ಬಡಾವಣೆಗಳು. ಅಡ್ಡರಸ್ತೆಗಳ ಅಂತರ, ಸಾಲುಮರ, ಮಾರುಕಟ್ಟೆಯ ಜಾಗ ಎಲ್ಲವನ್ನೂ ನಡೆದಾಡುವ ಮನುಷ್ಯನ ಅಳತೆಗೆ ಹೊಂದಿಸಿದ್ದಾರೆ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರವೂ ಅದೇ ದಾರಿಯದು. ಈಗ ಅಲ್ಲಿನ ಬೆಲೆ ನಿಮ್ಮ ಶಿವಮೊಗ್ಗದ ಮನೆಯನ್ನು ಮಾರಿದರೂ ಎಟುಕುವುದು ಕಷ್ಟ. ಆದರೆ ಬಾಡಿಗೆ ಎಟುಕುತ್ತದೆ.

ಆದ್ದರಿಂದ ನನ್ನ ಬಿನ್ನಹ ಇಷ್ಟು. ಶಿವಮೊಗ್ಗದ ಮನೆಯನ್ನು ಒಂದು ವರ್ಷ ಮಾರಬೇಡಿ, ಬಾಡಿಗೆಗೆ ಕೊಡಿ. ಆ ಹಣಕ್ಕೆ ಸ್ವಲ್ಪ ಸೇರಿಸಿ ಮಗನ ಮನೆಯ ಹತ್ತಿರ, ನೆಲಮಹಡಿಯಲ್ಲಿ ಅಥವಾ ಕರೆಂಟು ಹೋದಾಗ ಜನರೇಟರಿನಿಂದ ಓಡುವ ಲಿಫ್ಟ್ ಇರುವ ಕಡೆ ಬಾಡಿಗೆಗಿರಿ. ಆ ವರ್ಷದಲ್ಲಿ ನಿಮ್ಮ ಪತ್ನಿ ಎಷ್ಟು ದಿನ ತಾವಾಗಿಯೇ ಹೊರಗೆ ಹೋಗಿ ಬಂದರು, ಎಷ್ಟು ಮಂದಿ ನೆರೆಯವರ ಹೆಸರು ಹಿಡಿದು ಮಾತಾಡಿಸುವಂತಾಯಿತು ಎಂದು ನೋಡಿಕೊಳ್ಳಿ. ಮಗನ ಕೆಲಸ ನಾಳೆ ಬೇರೆ ಊರಿಗೆ ಹೋದರೂ ನೀವಿಬ್ಬರೇ ಅಲ್ಲಿ ಇರಬಲ್ಲಿರಾದರೆ ಮಾತ್ರ ಆ ಬಡಾವಣೆಯಲ್ಲಿ ಕೊಳ್ಳುವ ಮಾತಾಡಿ. ಬೆಂಗಳೂರಿನಲ್ಲಿ ‘ಲೀಸ್’ ಎಂದು ದೊಡ್ಡ ಮೊತ್ತ ಪಡೆದು ಬಾಡಿಗೆಯಿಲ್ಲದೆ ಮನೆ ಕೊಡುವ ರೂಢಿಯಿದೆ. ಮಾಲೀಕರು ಮನೆಯನ್ನು ಬ್ಯಾಂಕಿಗೆ ಅಡವಿಟ್ಟಿದ್ದರೆ ನಿಮ್ಮ ನಿವೃತ್ತಿಯ ಹಣ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಋಣಭಾರ ಪತ್ರ ನೋಡದೆ, ಕರಾರನ್ನು ನೋಂದಣಿ ಮಾಡಿಸದೆ ಅದಕ್ಕೆ ಒಪ್ಪಬೇಡಿ.

ಪ್ರಶ್ನೆ: ನಗರದ ಪೂರ್ವ ಅಂಚಿನಲ್ಲಿ 30×40 ಅಡಿಯ ಬಿ ಖಾತೆ ಸೈಟು ಸುತ್ತಲಿನ ಬೆಲೆಗಿಂತ ತುಂಬ ಕಡಿಮೆಗೆ ಸಿಗುತ್ತಿದೆ. ಇ-ಖಾತೆಯೂ ಆಗಿದೆ, ಏನೂ ತೊಂದರೆಯಿಲ್ಲ ಎಂದು ಮಾರುವವರು ಹೇಳುತ್ತಾರೆ. ಕೊಳ್ಳಬಹುದೇ?
— ಓದುಗರು, ಕೆ.ಆರ್. ಪುರ

ಉತ್ತರ: ಇ-ಖಾತೆ ಎಂದರೆ ಖಾತೆ, ಅಂದರೆ ಪಾಲಿಕೆಯ ಆಸ್ತಿ ದಾಖಲೆ, ಕಂಪ್ಯೂಟರಿಗೆ ಏರಿದೆ ಎಂದಷ್ಟೇ ಅರ್ಥ. 2024ರ ಕೊನೆಯಿಂದ ಬೆಂಗಳೂರಿನಲ್ಲಿ ನೋಂದಣಿಗೆ ಅದು ಕಡ್ಡಾಯವಾಗಿರುವುದರಿಂದ ಬಿ ಖಾತೆಯ ಆಸ್ತಿಗೂ ಇ-ಖಾತೆ ಕೊಡುತ್ತಾರೆ, ಅದರ ಮೇಲೆ ಬಿ ಎಂದೇ ಇರುತ್ತದೆ. ಭೂ ಪರಿವರ್ತನೆಯಾಗದ, ಅಥವಾ ಬಡಾವಣೆಯ ನಕ್ಷೆಗೆ ಅನುಮೋದನೆ ಪಡೆಯದ ಕಂದಾಯ ಭೂಮಿಯನ್ನು ಸೈಟು ಮಾಡಿ ಮಾರಿರುವುದೇ ಬಹುತೇಕ ಬಿ ಖಾತೆಗಳ ಹಿನ್ನೆಲೆ. ನಿಯಮ ಮೀರಿದ ಆಸ್ತಿಗಳನ್ನು ಶುಲ್ಕ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಅಕ್ರಮ–ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ನೀಡಿದ್ದರಿಂದ ಇಂಥ ಸೈಟುಗಳವರು ವರ್ಷಗಟ್ಟಲೆ ಅತಂತ್ರವಾಗಿ ಉಳಿದರು. 2025ರ ಕೊನೆಗೆ ಸರ್ಕಾರ ಶುಲ್ಕ ಕಟ್ಟಿಸಿಕೊಂಡು ಬಿ ಖಾತೆಯ ಸೈಟುಗಳನ್ನು ಸಕ್ರಮ ಆಸ್ತಿಗೆ ಕೊಡುವ ಎ ಖಾತೆಗೆ ಬದಲಿಸಲು ಅರ್ಜಿ ಕರೆಯಿತು. ಆದ್ದರಿಂದ ಮಾರುವವರಿಗೆ ನೇರವಾಗಿ ಹೇಳಿ: "ಎ ಖಾತೆ ಮಾಡಿಸಿಕೊಡಿ, ಆಮೇಲೆ ಮುಂಗಡದ ಮಾತು." ಒಪ್ಪದಿದ್ದರೆ ಕಾರಣ ಕೇಳಿ.

ಖಾತೆಗಿಂತ ನನಗೆ ಹೆಚ್ಚಿನ ಆತಂಕವಿರುವುದು ಅಂಥ ಬಡಾವಣೆಗಳ ರೂಪದ ಬಗ್ಗೆ. ಅನುಮೋದನೆ ಪಡೆಯದವರು ರಸ್ತೆಗೆ, ಉದ್ಯಾನಕ್ಕೆ, ಚರಂಡಿಗೆ ಜಾಗ ಬಿಡಬೇಕಾದ ಕಟ್ಟುಪಾಡಿಗೂ ಒಳಪಡುವುದಿಲ್ಲ. ಹತ್ತು ಹದಿನೈದು ಅಡಿಯ ರಸ್ತೆ, ಎಲ್ಲಿಗೂ ಸೇರದ ಮೋರಿ, ಆಂಬುಲೆನ್ಸ್ ತಿರುಗಲಾರದ ಮೂಲೆ ಇವು ಎ ಖಾತೆಯಾದರೂ ಸರಿಹೋಗುವುದಿಲ್ಲ. ಸೈಟಿನ ಹಿಂದೆ ಕಾಲುವೆಯಿದ್ದರಂತೂ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. 2016ರ ಆಗಸ್ಟ್‌ನಲ್ಲಿ ರಾಜಕಾಲುವೆ ಒತ್ತುವರಿ ತೆರವಿಗೆ ಜೆಸಿಬಿಗಳು ಬಂದಾಗ ಮನೆ ಕಳೆದುಕೊಂಡವರಲ್ಲಿ ನೋಂದಣಿಯಾದ ಕ್ರಯಪತ್ರ, ತೆರಿಗೆ ರಸೀದಿ, ಬ್ಯಾಂಕಿನ ಸಾಲ ಎಲ್ಲವೂ ಇದ್ದವರಿದ್ದರು. ಮನೆ ಹೋದ ಮೇಲೂ ಸಾಲದ ಕಂತು ನಿಲ್ಲುವುದಿಲ್ಲ. ಕೂಡಿಟ್ಟ ಹಣದಲ್ಲಿ ಸೈಟು ಕೊಳ್ಳುವ ಆಟೊ ಚಾಲಕರು, ಗಾರ್ಮೆಂಟ್ಸ್ ಕೆಲಸದವರು ಈ ಬಲೆಗೆ ಹೆಚ್ಚು ಬೀಳುತ್ತಾರೆ ಎಂಬ ಕಾರಣಕ್ಕೇ ಇಷ್ಟು ಕಟುವಾಗಿ ಬರೆಯುತ್ತಿದ್ದೇನೆ.

ಪ್ರಶ್ನೆ: ನಮ್ಮ ಕಡೆ ಮೆಟ್ರೊ ಬರುತ್ತದೆ ಎಂದು ಬಿಲ್ಡರುಗಳು ಜಾಹೀರಾತಿನಲ್ಲಿ ಹಾಕಿದ್ದಾರೆ. ಅದನ್ನು ನಂಬಿ ಈಗಲೇ ಕೊಂಡರೆ ಲಾಭವೇ?
— ಓದುಗರು, ಆನೇಕಲ್

ಉತ್ತರ: ಹಳದಿ ಮಾರ್ಗವನ್ನೇ ನೋಡಿ. ಮೆಟ್ರೊ ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ, ಆರ್.ವಿ. ರಸ್ತೆ–ಬೊಮ್ಮಸಂದ್ರ ಮಾರ್ಗ ಉದ್ಘಾಟನೆಯಾದದ್ದು 2025ರ ಆಗಸ್ಟ್ 10ರಂದು. 2014ರಲ್ಲಿ 20 ವರ್ಷದ ಸಾಲ ಮಾಡಿ ಮನೆ ಕೊಂಡವರು ಅರ್ಧಕ್ಕಿಂತ ಹೆಚ್ಚು ಕಂತುಗಳನ್ನು ರೈಲಿಲ್ಲದೆಯೇ ಕಟ್ಟಿದ್ದಾರೆ. ಕಂಬ ಎದ್ದು ನಿಂತಿರುವ ಮಾರ್ಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಪ್ರಸ್ತಾವದ ಹಂತದಲ್ಲಿರುವುದಕ್ಕಾಗಿ ಹೆಚ್ಚಿನ ಬೆಲೆ ಕೊಡಬೇಡಿ. ಈಗಿರುವ ಬಿ.ಎಂ.ಟಿ.ಸಿ. ಬಸ್ಸಿನಲ್ಲಿ ನಿಮ್ಮ ಮನೆಯವರು ಹೋಗಿ ಬರಬಲ್ಲ ಜಾಗವಾದರೆ ಕೊಳ್ಳಿ. ನಿಲ್ದಾಣವೆಂದು ಜಾಹೀರಾತಿನಲ್ಲಿ ತೋರಿಸಿರುವ ಜಾಗಕ್ಕೆ ಮನೆಯಿಂದ ಒಮ್ಮೆ ನಡೆದು ನೋಡಿ. ‘ಐದು ನಿಮಿಷ’ ಎಂದು ಬರೆದಿರುವುದು ಬಹಳ ಸಲ ಕಾರಿನ ಐದು ನಿಮಿಷವಾಗಿರುತ್ತದೆ, ನಡುವೆ ಕಾಲುದಾರಿಯಿಲ್ಲದ ಹೆದ್ದಾರಿಯೂ ಇರುತ್ತದೆ.